ಗುರುವಾರದ ಸುದ್ದಿ, ರವಿವಾರದ ಪೇಪರು

ನವಲಗುಂದದ ಬಸ್ ಸ್ಟ್ಯಾಂಡ್ ಹತ್ತಿರ, ಬೀಜ-ಗೊಬ್ಬರದ ಅಂಗಡಿಯ ಮೇಲಿನ ಒಂದು ಕೋಣೆಯೇ ನಮ್ಮ ಆಫೀಸು. ಬಾಗಿಲಿಗೆ ‘ಸಾರ್ವಜನಿಕ ಸಂಪರ್ಕ ಸಂಸ್ಥೆ’ ಎಂಬ ಬೋರ್ಡು ತೂಗುಹಾಕಿದೆ. ಅದನ್ನು ಓದಿ, ಹುಬ್ಬಳ್ಳಿ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲು ಮೆಟ್ಟಿಲು ಹತ್ತಿ ಬರುವವರೇ ನಮ್ಮ ಗಿರಾಕಿಗಳಿಗಿಂತ ಹೆಚ್ಚು. ನಮಗೂ ಈಗ ಬಸ್ಸಿನ ವೇಳೆಯೆಲ್ಲ ಬಾಯಿಪಾಠವಾಗಿದೆ.

ನಾವು ನಾಲ್ಕೇ ಮಂದಿ. ಹಿಂದೆ ಪತ್ರಿಕೆಯಲ್ಲಿ ದುಡಿದು ಸಾಕಾಗಿ ಈ ಸಂಸ್ಥೆ ತೆರೆದ ನಮ್ಮ ಸರ್, ಎಲ್ಲರೂ ಕಾಕಾ ಎಂದು ಕರೆಯುವ ಫೋಟೋಗ್ರಾಫರ್, ಬ್ಯಾನರು-ಪೋಸ್ಟರು ಮಾಡುವ ತಿರ್ಲಾಪುರದ ಹುಡುಗಿ, ಮತ್ತು ಸುದ್ದಿ ಬರೆಯುವ ನಾನು. ಶಾಲೆಯ ವಾರ್ಷಿಕೋತ್ಸವವೋ, ಹೊಸ ದವಾಖಾನೆಯ ಉದ್ಘಾಟನೆಯೋ, ಯಾವುದೇ ಇರಲಿ, ಸುದ್ದಿ ಬರೆದು ಫೋಟೋ ಹಚ್ಚಿ ಪತ್ರಿಕೆಗಳಿಗೆ ಕಳಿಸುವುದು ನಮ್ಮ ಕೆಲಸ.

ಇದರಲ್ಲೊಂದು ಗುಟ್ಟಿದೆ. ಸುದ್ದಿಯನ್ನು ನಾವು ಬರೆಯುವುದು ಕಾರ್ಯಕ್ರಮ ಆಗುವುದಕ್ಕೆ ಮೊದಲೇ. ‘ಇತ್ತೀಚೆಗೆ ವಿಜೃಂಭಣೆಯಿಂದ ಜರುಗಿತು’ ಎಂದು ಎರಡು ದಿನ ಮುಂಚೆ ಬರೆದಿಟ್ಟರೆ, ಆ ದಿನ ಹೆಸರು ತುಂಬಿ ಕಳಿಸಿದರಾಯಿತು. ಭಾಷಣವನ್ನೂ ನಾವೇ ಬರೆಯುತ್ತೇವೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎನ್ನುತ್ತಾರೆ. ನಾವು ಕುಲಾವಿ ಹೊಲಿದೇ ಹೊಟ್ಟೆ ಹೊರೆಯುವವರು. ಇಷ್ಟು ವರ್ಷ ಯಾರೂ ತಕರಾರು ಮಾಡಿರಲಿಲ್ಲ. ತಾವು ಆಡದ ಚಂದದ ಮಾತು ಪೇಪರಿನಲ್ಲಿ ಬಂದರೆ ಯಾರಿಗೆ ಬೇಡ?

ಒಬ್ಬರಿಗೆ ಬೇಡವಾಗಿತ್ತು. ಯಮನೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಹೆಂಗಸರೇ ಸೇರಿ ನಡೆಸುವ ರೊಟ್ಟಿ ಸಂಘದ ಅಧ್ಯಕ್ಷೆ ಅವರು. ಅರವತ್ತು ದಾಟಿದ ಅವರನ್ನು ಊರೆಲ್ಲ ಅಕ್ಕಾರು ಎನ್ನುತ್ತದೆ. ಸಂಘದ ಹೊಸ ಶೆಡ್ಡಿನ ಉದ್ಘಾಟನೆಯ ಕೆಲಸ ನಮಗೆ ಕೊಡಿ ಎಂದು ನಾನು ಮೂರು ಸಲ ಹೋಗಿ ಬೆನ್ನು ಬಿದ್ದ ಮೇಲೆ ಒಪ್ಪಿದ್ದರು. ಒಪ್ಪುವಾಗ ಒಂದೇ ಮಾತು ಹೇಳಿದ್ದರು: “ನಾ ಆಡದ ಮಾತು ನನ್ನ ಬಾಯಾಗ ಹಾಕಬ್ಯಾಡ ತಂಗಿ. ಅಷ್ಟ.” ನಾನು ಅವರ ಹಿಟ್ಟಿನ ಕೈ ಹಿಡಿದು ಆಯ್ತ್ರಿ ಎಂದು ಮಾತು ಕೊಟ್ಟಿದ್ದೆ.

ಆ ಸಲದ ಟೀಮ್ ಔಟಿಂಗ್ ಎಳ್ಳ ಅಮಾವಾಸ್ಯೆಯ ದಿನ ಬಂತು. ಹೋದ ವರ್ಷ ಸರ್ ನಮ್ಮನ್ನು ಕಲಘಟಗಿ ಕಡೆಯ ರೆಸಾರ್ಟಿಗೆ ಕರೆದೊಯ್ದು ನಂಬಿಕೆಯ ಆಟ ಆಡಿಸಿದ್ದರು. ಒಬ್ಬರು ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಇನ್ನೊಬ್ಬರು ಹಿಡಿಯಬೇಕು. ಸರ್ ಬೀಳುವ ಹೊತ್ತಿಗೆ ಸರಿಯಾಗಿ, ಹಿಡಿಯಬೇಕಿದ್ದ ಕಾಕಾನ ಫೋನು ಬಡಿದುಕೊಂಡಿತು. ಸರ್ ಒಂದು ವಾರ ದಿಂಬು ಹಾಕಿಕೊಂಡು ಆಫೀಸಿನಲ್ಲಿ ಕೂತಿದ್ದರು. ಹಾಗಾಗಿ ಈ ಸಲ ತಿರ್ಲಾಪುರದ ಹುಡುಗಿಯ ತಾಯಿ, “ನಮ್ಮ ಹೊಲಕ್ಕ ಚರಗಕ್ಕ ಬರ್ರಿ, ಬೀಳೂದು ಏಳೂದು ಏನೂ ಬ್ಯಾಡ” ಎಂದು ಕರೆದಾಗ ಎಲ್ಲರಿಗೂ ಜೀವ ಬಂದಂತಾಯಿತು.

ರವಿವಾರ ಔಟಿಂಗ್, ಗುರುವಾರ ಶೆಡ್ಡಿನ ಉದ್ಘಾಟನೆ. ಶನಿವಾರವೇ ಕೈ ತೊಳೆದುಕೊಂಡರೆ ಹಗುರಾಗಿ ಹೋಗಬಹುದೆಂದು ನಾನು ರೂಢಿಯಂತೆ ಸುದ್ದಿ ಬರೆದೆ. ಅಕ್ಕಾರು ಹೇಳಿದ್ದನ್ನು ಮರೆತಿರಲಿಲ್ಲ. ಆಮೇಲೆ ತಿದ್ದಿದರಾಯಿತು ಎಂದುಕೊಂಡು, ‘ಮಹಿಳೆಯರು ಸ್ವಾವಲಂಬಿಗಳಾಗಿ ಸಮಾಜದ ಮುಖ್ಯವಾಹಿನಿಗೆ ಬರಬೇಕು ಎಂದು ಅಧ್ಯಕ್ಷೆ ಕರೆ ನೀಡಿದರು’ ಎಂಬ ನನ್ನ ಕಾಯಂ ಸಾಲನ್ನು ಅಂಟಿಸಿದೆ. ಆಫೀಸಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಮಲಗಿದೆ. ಹಾಗೆಂದು ತಿಳಿದಿದ್ದೆ. ಹಾಕಿದ್ದು ಅದರ ಕೆಳಗಿನ ಗುಂಪಿಗೆ, ವರದಿಗಾರರು ಇರುವಲ್ಲಿಗೆ.

ಹೊಲದಲ್ಲಿ ಎದೆಮಟ್ಟ ಜೋಳ, ಬಾಜೂಕೆ ಕಡಲೆ. ಹುಡುಗಿಯ ತಾಯಿ ಬುಟ್ಟಿ ಇಳಿಸಿ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕರಿಗಡಬು ಹರವಿದರು. ಪೂಜೆ ಮುಗಿಸಿ, ಭೂಮಿತಾಯಿಗೆಂದು ಹೊಲದ ತುಂಬ ಅಡುಗೆಯ ಚರಗ ಚೆಲ್ಲುತ್ತ ನಡೆದರು. ಹಿಂದೆ ನಮ್ಮ ಸರ್ ತಂಬಿಗೆ ಹಿಡಿದು ನೀರು ಚಿಮುಕಿಸುತ್ತ ಗಂಟಲು ಹರಿಯುವಂತೆ ಚರಗದ ಕೂಗು ಹಾಕುತ್ತಿದ್ದರು. ಅವರನ್ನು ಅಷ್ಟು ಖುಷಿಯಲ್ಲಿ ನಾನು ಕಂಡಿರಲಿಲ್ಲ. ಅದೇ ಹೊತ್ತಿಗೆ ಅವರ ಜೇಬಿನಲ್ಲಿ ಫೋನು ರಿಂಗಾಯಿತು.

“ಹೌದ್ರಿ ಅಕ್ಕಾರ... ಇಲ್ರಿ... ತಿರ್ಲಾಪುರದ ಹೊಲದಾಗ ಅದೇವ್ರಿ. ಬರ್ರಿ, ಊಟಕ್ಕ ಬರ್ರಿ” ಎಂದು ಫೋನು ಇಟ್ಟು ನನ್ನತ್ತ ನೋಡಿದರು. “ಗುರುವಾರದ್ದು ಇವತ್ತ ಪೇಪರ್‌ನ್ಯಾಗ ಬಂದೈತಂತ. ಏನ್ ಮಾಡಿಯವ್ವಾ?”

ಕೈಯಲ್ಲಿದ್ದ ಹೋಳಿಗೆ ಬಾಯಿಗೆ ಹೋಗಲಿಲ್ಲ. ಕೆಲಸ ಹೋದರೆ ಹೋಗಲಿ, ಆ ಹಿಟ್ಟಿನ ಕೈಗೆ ಕೊಟ್ಟ ಮಾತು ಹೋಯಿತಲ್ಲ ಎನಿಸಿತು.

ಮುಕ್ಕಾಲು ತಾಸಿಗೆ ಟಂಟಂ ಆಟೋ ಬಂದು ನಿಂತಿತು. ಅಕ್ಕಾರು ಪೇಪರು ಮಡಚಿ ಹಿಡಿದು ಬದುವಿನ ಮೇಲೆ ನೆಟ್ಟಗೆ ನನ್ನ ಬಳಿ ಬಂದರು.

“ಇನ್ನ ಕಟ್ಟಿರದ ರಿಬ್ಬನ್ ಕತ್ತರಿಸಿ ಬಿಟ್ಟಿ. ಅದು ಹೋಗ್ಲಿ. ಮೊಮ್ಮಗಳು ಓದಿ, ‘ಏನಬೇ ಆಯಿ, ಮುಖ್ಯವಾಹಿನಿ ಅಂದ್ರೇನು?’ ಅಂತ ಕೇಳಿದ್ಲು. ನನಗ ಗೊತ್ತಿಲ್ಲ. ನಾ ಆಡೇನಂತ, ನನಗ ಗೊತ್ತಿಲ್ಲ!”

“ತಪ್ಪಾತ್ರಿ ಅಕ್ಕಾರ. ಮಾತು ಕೊಟ್ಟು ತಪ್ಪೇನಿ.” ಗುಂಪು ಅದಲುಬದಲಾಯಿತು ಎಂಬ ನೆಪ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

ಅಷ್ಟರಲ್ಲಿ ಹುಡುಗಿಯ ತಾಯಿ, “ಮದಲ ಉಣ್ರಿ. ಬೈಯಾಕರ ತ್ರಾಣ ಬೇಕಲ್ಲ” ಎಂದು ತಾಟು ಕೊಟ್ಟರು. ಅಕ್ಕಾರು ಕೂತರು. ರೊಟ್ಟಿ ಮುರಿದು ಬೆಳಕಿಗೆ ಹಿಡಿದು ನೋಡಿ, “ಕೈ ಛಲೋ ಐತಿ” ಎಂದರು. ಕಾಕಾ ಉಸಿರು ಬಿಟ್ಟದ್ದು ನನಗೂ ಕೇಳಿಸಿತು.

“ಹಂಗಾದ್ರ ನೀವ ಹೇಳ್ರಿ ಅಕ್ಕಾರ, ಗುರುವಾರ ಏನ್ ಹೇಳ್ತೀರಿ?” ಎಂದು ಹೆದರುತ್ತಲೇ ಕೇಳಿದೆ.

“ಮೈಕ್ ಮುಂದ ನಾ ಒಲ್ಲೆ” ಎಂದರು. ಆಮೇಲೆ ತುತ್ತು ಕಲಸುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದರು: “ನಲವತ್ತು ವರ್ಷ ರೊಟ್ಟಿ ಬಡದೇನಿ. ಮಾವಗ, ಗಂಡಗ, ಮಕ್ಕಳಿಗೆ ಬಿಸೀವು ಹಾಕಿ, ಕಡೀಕ ತಣ್ಣಂದು ತಿಂದೇನಿ. ಯಾರೂ ತಿನ್ನು ಅಂದಿಲ್ಲ, ಬ್ಯಾಡ ಅಂತೂ ಅಂದಿಲ್ಲ. ಸಂಘ ಮಾಡಿದ ದಿನ ಒಂದು ನೇಮ ಮಾಡಿದ್ವಿ, ಮದಲನೇ ರೊಟ್ಟಿ ಬಡದಾಕಿನ ತಿನ್ನಬೇಕು ಅಂತ. ಅವತ್ತ ಹೆಂಚಿನ ಮ್ಯಾಲಿಂದು ಹಂಗ ತಿಂದೆ. ನಾ ಬಡದ ರೊಟ್ಟಿ ಇಷ್ಟು ರುಚಿ ಇರತೈತಂತ ನನಗ ಗೊತ್ತ ಇರಲಿಲ್ಲ ನೋಡ್ರಿ.”

ನಾನು ಅದೇ ಪೇಪರಿನ ಅಂಚಿನ ಮೇಲೆ ಬರೆದುಕೊಂಡೆ. ಕಣ್ಣು ತುಂಬಿ ಅಕ್ಷರ ಸೊಟ್ಟಾದವು. ಸರ್ ಮೆಲ್ಲಗೆ, “ಅಕ್ಕಾರ, ಇದನ್ನ ಹೇಳ್ರಿ ಗುರುವಾರ. ಮೈಕ್ ನಾ ಹಿಡೀತೇನಿ” ಎಂದರು.

ಗುರುವಾರ ಸರ್ ಹಿಡಿದೇ ಹಿಡಿದರು. ಹೊಲದಲ್ಲಿ ಹೇಳಿದ್ದನ್ನೇ ಅಕ್ಕಾರು ಅಲ್ಲಿಯೂ ಹೇಳಿದರು. ಹೆಂಚಿಗೆ ಬಿದ್ದ ಮೊದಲ ರೊಟ್ಟಿ ಬಡಿದವಳ ಬಾಯಿಗೆ ಹೋಯಿತು. ಹಾರ ಹಾಕಿಕೊಂಡ ಮುಖ್ಯ ಅತಿಥಿಗಳು ಎರಡನೆಯದಕ್ಕೆ ಕಾದು ಕೂತರು, ಹೆಂಗಸರು ಚಪ್ಪಾಳೆ ತಟ್ಟಿ ನಕ್ಕರು. ಸಂಜೆ ಸುದ್ದಿ ಕಳಿಸಿದರೆ ಪತ್ರಿಕೆಯವರು, “ಇದು ಆಗಲೇ ಬಂದೈತಲ್ಲ ಮೇಡಂ” ಎಂದರು. “ಅವತ್ತ ಬಂದದ್ದು ಆಗಿರಲಿಲ್ರಿ. ಇದು ಆಗೇತಿ” ಎಂದೆ. ಅಂದಿನಿಂದ ಆಫೀಸಿನಲ್ಲಿ ನನ್ನ ಹೆಸರು ‘ಇತ್ತೀಚೆಗೆ’. “ಇತ್ತೀಚೆಗೆ ಚಾ ಕುಡದ್ಲೋ ಇಲ್ಲೋ ಕೇಳ್ರಿ” ಎನ್ನುತ್ತಾನೆ ಕಾಕಾ.

ಶನಿವಾರ ಪೇಪರು ಹಿಡಿದು ಸಂಘಕ್ಕೆ ಹೋದೆ. ಅಕ್ಕಾರು ಕೈ ನಿಲ್ಲಿಸದೆ, “ಓದು” ಎಂದರು. ಅವರು ಆಡಿದ್ದನ್ನು ಆಡಿದ ಹಾಗೇ ಓದಿದೆ. ರೊಟ್ಟಿ ಬಡಿಯುವ ಸಪ್ಪಳ ಒಂದೊಂದಾಗಿ ನಿಂತಿತು.

“ಹೂಂ” ಎಂದರು ಅಕ್ಕಾರು. “ಇವು ನನ್ನ ಮಾತು.”

ಆಮೇಲೆ ಒಂದು ಹಿಟ್ಟಿನ ಉಂಡೆ ನನ್ನ ಮುಂದೆ ತಳ್ಳಿದರು. ನಾನು ಬಡಿದದ್ದು ಎರಡು ಕಡೆ ಹರಿದು, ಒಂದು ಕಡೆ ದಪ್ಪಾಗಿ ಎದ್ದಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. “ನೇಮ ಅಂದ್ರ ನೇಮ, ತಿನ್ನು” ಎಂದು ಅಕ್ಕಾರು ಹೆಂಚಿನಿಂದಲೇ ನನ್ನ ಕೈಗೆ ಹಾಕಿದರು. ಬಾಯಿ ಸುಟ್ಟಿತು. ಪೂರಾ ತಿಂದೆ.