ಹೆಸರುಗಳನ್ನು ಹೇಳಿದ ಆಪರೇಟರ್

ಸಾಗರದ ಕಚೇರಿಯೊಂದರಲ್ಲಿ ನಾನು ಜವಾನನಾಗಿದ್ದೆ. ಅಲ್ಲಿನ ಆಪರೇಟರ್ ಹೆಂಗಸು ಅಣೆಕಟ್ಟಿನ ನೀರಲ್ಲಿ ಮುಳುಗಡೆಯಾದ ಊರುಗಳವರ ಹೆಸರುಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸುತ್ತಿದ್ದರು. ಪಟ್ಟಿಯಲ್ಲಿ ಇಲ್ಲದವರಿಗೆ ಜಮೀನಿನ ಹಕ್ಕುಪತ್ರ ಇಲ್ಲ. ಬೇಗ ಆಗಲೆಂದು ಎಲ್ಲವನ್ನೂ ಡಿಸ್ಕಿಗೆ ಇಳಿಸದೆ, ಕರೆಂಟ್ ಹೋದರೆ ಅಳಿಸಿಹೋಗುವ ಮೆಮೊರಿಯಲ್ಲೇ ಇಟ್ಟಿದ್ದರು. "ಮುಟ್ಬೇಡಿ ಅಣ್ಣ, ಎಲ್ಲ ನೆನಪಲ್ಲೇ ಇರೋದು" ಎನ್ನುತ್ತ, ಜ್ವರ ನೋಡುವವರ ಹಾಗೆ ಯಂತ್ರದ ಮೇಲೆ ಅಂಗೈ ಇಡುತ್ತಿದ್ದರು.

ಒಂದು ಮಧ್ಯಾಹ್ನ ಮೊಬೈಲ್ ಚಾರ್ಜಿಗೆ ಹಾಕಲು ನಾನೇ ಆ ಕಂಪ್ಯೂಟರಿನ ಪ್ಲಗ್ ಕಿತ್ತೆ. ಪಟ್ಟಿಯೆಲ್ಲ ಅಳಿಸಿಹೋಯಿತು. "ಕರೆಂಟ್ ಹೋಯ್ತು ಮೇಡಂ" ಎಂದು ಸುಳ್ಳು ಹೇಳಿದೆ. ಅವರು ತಿರುಗುತ್ತಿದ್ದ ಫ್ಯಾನ್ ನೋಡಿದರು, ಬೈಯಲಿಲ್ಲ. ಕಣ್ಣು ಮುಚ್ಚಿ, ಸಾವಿರಾರು ಹೆಸರುಗಳನ್ನು ಮೆಲ್ಲಗೆ ಹೇಳಿಕೊಳ್ಳುತ್ತ ವಾರವಿಡೀ ಟೈಪ್ ಮಾಡಿದರು. ಕೊನೆಗೆ ನನ್ನತ್ತ ತಿರುಗಿದರು.

"ಒಂದೇ ಒಂದು ಹೆಸ್ರು ಸಿಗ್ತಿಲ್ಲ. ನಿಮ್ಮಪ್ಪನೂ ಈ ಪಟ್ಟೀಲಿ ಇದ್ರು. ಅವರ ಹೆಸರು ಎಂತದು ಅಣ್ಣ?"

ಬಾಯಿ ತೆರೆದೆ. ಅಪ್ಪನ ಹೆಸರು ನೆನಪಿಗೆ ಬರಲಿಲ್ಲ. ಇವತ್ತಿಗೂ ಬಂದಿಲ್ಲ.