ತಟ್ಟಿ ನೋಡಿ ತಂದ ಸ್ಪೀಕರು

ಆಗ ನನಗೆ ಅರವತ್ತೇಳು. ಇದೆಲ್ಲ ಆಗಿ ನಾಲ್ಕು ವರ್ಷವಾಯಿತು. ಸ್ಪೀಕರು ಎಂದರೆ ಮದುವೆ ಮನೆಯ ಮುಂದೆ ಮರಕ್ಕೆ ಕಟ್ಟುತ್ತಾರಲ್ಲ, ಆ ತುತ್ತೂರಿ ಎಂದಷ್ಟೇ ನಾನು ತಿಳಿದಿದ್ದೆ.

ಫ್ಯಾಕ್ಟರಿ ಸಾಹೇಬರೊಬ್ಬರ ಮನೆಯಲ್ಲಿ ಅಡುಗೆ ಮಾಡುತ್ತಿದ್ದೆ. ಅವರು ಧಾರವಾಡದ ಕಡೆಯವರು. ವರ್ಗವಾಗಿ ಹೋಗುವಾಗ ಆ ಮನೆಯಮ್ಮ ನನ್ನ ಕೈಗೆ ಒಂದು ಆಂಪ್ಲಿಫೈಯರ್ ಕೊಟ್ಟರು. ಕಪ್ಪಗೆ, ಒರಳುಕಲ್ಲಿನ ಭಾರ. "ಇದರ ಸ್ಪೀಕರ್ ಕೆಟ್ಟಾವ, ಬೇರೆ ತಗೋರಿ ಅಜ್ಜಿ. ನಿಮ್ಮದು ಸಣ್ಣ ಮನಿ, ಪುಸ್ತಕದ ಕಪಾಟಿನ್ಯಾಗ ಇಡೋವಂಥ ಸಣ್ಣವು ಸಾಕು" ಎಂದರು. ನಮ್ಮ ಮನೆಯಲ್ಲಿ ಪುಸ್ತಕ ಎಂದರೆ ಗ್ಯಾಸಿನ ಪುಸ್ತಕ ಒಂದೇ. ಅದಿರುವುದು ಅಕ್ಕಿ ಡಬ್ಬದ ಮೇಲೆ. ಕಪಾಟಿಲ್ಲದವರು ಆ ಸ್ಪೀಕರನ್ನು ಎಲ್ಲಿ ಇಡಬೇಕು ಎಂದು ಕೇಳಲು ನಾಚಿಕೆಯಾಯಿತು. ಸುಮ್ಮನೆ ಹೊತ್ತುಕೊಂಡು ಬಂದೆ.

ನನಗೆ ಅದು ಬೇಕಾಗಿದ್ದು ಹಾಡಿಗಲ್ಲ, ಗಂಡನಿಗೆ. ಅವನು ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಡ್ರಿಲ್ ಹಿಡಿದವನು. ಎಡಗಿವಿ ಪೂರಾ ಹೋಗಿತ್ತು. ಬಲಗಿವಿಗೆ ದೊಡ್ಡ ಸದ್ದು ಬೀಳುತ್ತಿತ್ತು, ಹತ್ತಿರ ಬಂದು ಕೂಗದೆ ಮಾತು ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ. ಟಿವಿಯ ಸದ್ದು ಏರಿಸಿದರೆ ಪಕ್ಕದ ಮನೆಯವಳು ಸೌಟಿನಿಂದ ನಡುಗೋಡೆ ಬಡಿಯುತ್ತಿದ್ದಳು. ನಮ್ಮದು ಗಣಿಯ ಲೈನ್ ಮನೆ, ಎರಡು ಸಂಸಾರಕ್ಕೆ ಒಂದೇ ಗೋಡೆ. ಸಂಜೆ ಹಳೇ ಗಣಿಯವರೆಲ್ಲ ಕಟ್ಟೆಯ ಮೇಲೆ ಕೂರುತ್ತಾರೆ. ಅವರು ನಕ್ಕಾಗ ಇವನೂ ನಗುತ್ತಿದ್ದ, ಯಾಕೆ ಎಂದು ತಿಳಿಯದೆ. ಒಂದು ದಿನ ಯಾರೋ ಸತ್ತ ಸುದ್ದಿಗೂ ನಕ್ಕ. ಅಲ್ಲಿಂದ ಕಟ್ಟೆಗೆ ಹೋಗುವುದನ್ನೇ ಬಿಟ್ಟ. ಗೋಡೆ ನೋಡಿಕೊಂಡು ಮನೆಯಲ್ಲೇ ಕೂತ.

"ಕಿವಿ ಡಾಕ್ಟ್ರತ್ರ ಓಗೋಣ ಬಾ" ಎಂದರೆ, "ನನ್ ಕಿವಿ ಸರಿಗೈತೆ. ಟಿವಿ ಸರಿಗಿಲ್ಲ" ಎನ್ನುವನು.

ಒಳ್ಳೆ ಸ್ಪೀಕರು ಬಂದರೆ ಮಾತು ಸಿಗುತ್ತದೆ ಎಂದು ಅವನು ನಂಬಿದ್ದ. ನಾನು ಅರ್ಧ ನಂಬಿದ್ದೆ. ಮಾತು ಸಿಕ್ಕರೆ ಮತ್ತೆ ಕಟ್ಟೆಗೆ ಹೋದಾನು ಎಂಬ ಆಸೆ ಇತ್ತು. ಹಾಗಾಗಿ ನಾನು, ಅವನು, ಮಗಳು ಮೂವರೂ ಬಂಗಾರಪೇಟೆಗೆ ಹೊರಟೆವು.

ಅಂಗಡಿಯವನು ಎರಡು ಜೋಡಿ ತಂದು ಮೇಜಿನ ಮೇಲೆ ಇಟ್ಟ. ವ್ಯಾಟು ಎಂದ, ಓಮು ಎಂದ. ಮಗಳು ತಲೆ ಆಡಿಸಿದಳು. ಅವಳಿಗೂ ಏನೂ ತಿಳಿದಿರಲಿಲ್ಲ ಎಂದು ಆಮೇಲೆ ಹೇಳಿದಳು. ಅಂಗಡಿಯವನು ಯಾವುದೋ ಡಮಡಮ ಹಾಡು ಹಾಕಿದ.

"ಆಡು ಬ್ಯಾಡ ಕಣಪ್ಪ. ಯಾರಾನ ಮಾತಾಡೋದು ಆಕು" ಎಂದೆ.

"ಮಾತು ಕೇಳಕ್ಕೆ ಯಾರಾದ್ರೂ ಸ್ಪೀಕರ್ ತಗೊಂತಾರಾ ಅಜ್ಜಿ? ಈ ಬೇಸ್ ನೋಡು, ಎದೆ ನಡುಗ್ತೈತೆ."

"ಎದೆ ತಾನಾಗೇ ನಡುಗೋ ವಯಸ್ಸು ನಂದು. ನೀನು ವಾರ್ತೆ ಆಕು."

ಫೋನಿನಿಂದ ವಾರ್ತೆ ಹಾಕಿದ. ಮೊದಲ ಜೋಡಿಯಲ್ಲಿ ಓದುವವಳು ಗುಡಾಣದೊಳಗೆ ಕೂತ ಹಾಗಿತ್ತು. ಎರಡನೆಯದರಲ್ಲಿ ಮೂಗು ಹಿಡಿದುಕೊಂಡ ಹಾಗಿತ್ತು. ಇನ್ನೊಮ್ಮೆ ಕೇಳಿದಾಗ ಗುಡಾಣ ಆ ಕಡೆ ಹೋಯಿತು, ಮೂಗು ಈ ಕಡೆ ಬಂತು. ಆಮೇಲೆ ಎರಡೂ ಒಂದೇ ಆಯಿತು. ತಲೆ ಕೆಟ್ಟುಹೋಯಿತು.

"ಒಂದೇ ಕೊಡಪ್ಪ ಸಾಕು. ಈವಯ್ಯಂಗೆ ಒಂದೇ ಕಿವಿ ಇರೋದು" ಎಂದೆ.

"ಜೋಡೀನೇ ಕೊಡೋದು ಅಜ್ಜಿ."

"ಒಂಟಿ ಕಾಲಿನೋನ್ಗೂ ಜೋಡಿ ಚಪ್ಲಿ ಮಾರ್ತೀಯೇನ್ಲಾ?"

"ಮಾರ್ತೀನಿ. ಇನ್ನೊಂದ್ರಲ್ಲಿ ತಾತಂಗೆ ಒಡೀಬೌದು ನೀನು."

ಮಗಳು ನಕ್ಕಳು. ನನ್ನ ಗಂಡ "ಏನಂತೆ? ಏನಂತೆ?" ಎಂದ. ನಾನು "ಚಪ್ಲಿ ಇಸ್ಯ" ಎಂದು ಕಿವಿಯ ಹತ್ತಿರ ಕೂಗಿದೆ. "ಚಪ್ಲಿ ಯಾಕೀಗ?" ಎಂದು ತನ್ನ ಕಾಲು ನೋಡಿಕೊಂಡ.

ಆಮೇಲೆ ತಾನೇ ಮುಂದೆ ಬಂದು ಬೆರಳಿನ ಗೆಣ್ಣಿನಿಂದ ಸ್ಪೀಕರಿನ ಡಬ್ಬ ತಟ್ಟಿದ. ಗಣಿಯವರ ಪದ್ಧತಿ ಅದು. ಒಳಗೆ ಇಳಿದವರು ಮೊದಲು ತಲೆಯ ಮೇಲಿನ ಬಂಡೆಯನ್ನು ಕಬ್ಬಿಣದ ಗಡಾರಿಯಿಂದ ತಟ್ಟುತ್ತಿದ್ದರು. ಟಣ್ ಎಂದರೆ ಗಟ್ಟಿ, ಅದರಡಿ ನಿಲ್ಲಬಹುದು. ದಬ್ ಎಂದರೆ ಬಂಡೆ ಬಿಟ್ಟುಕೊಂಡಿದೆ, ಬೀಳುತ್ತದೆ. ಸಂತೆಯಲ್ಲಿ ನಾನು ಮಡಕೆ ಕೊಳ್ಳುವುದೂ ಹಾಗೆಯೇ. ಭಾರದ ಜೋಡಿ ದಬ್ ಎಂದಿತು. ಹಗುರದ್ದು ಟಣ್ ಎಂದಿತು.

"ಇದೇ ಗಟ್ಟಿ" ಎಂದು ಹಗುರದ್ದರ ಮೇಲೆ ಕೈ ಇಟ್ಟ.

"ಅದು ಉಲ್ಟಾ ತಾತ" ಎಂದು ಅಂಗಡಿಯವನು ಕೂಗಿ ಹೇಳಿದ. "ಡಬ್ಬ ಸದ್ದು ಮಾಡ್ಬಾರ್ದು, ಒಳಗಡೆದು ಮಾಡ್ಬೇಕು. ದಬ್ ಅನ್ನೋದೇ ಒಳ್ಳೆ ಮಾಲು."

"ದಬ್ ಅನ್ನೋದ್ರ ಅಡಿಗೆ ನಿಂತೋರ್ನ ನಾನು ಎತ್ತಿ ಆಚೆ ಆಕಿವ್ನಿ ಕಣಯ್ಯ. ನಂಗೆ ಏಳಬ್ಯಾಡ" ಎಂದ ನನ್ನ ಗಂಡ.

ಮಾರುವವನೇ ತನ್ನ ಮಾಲಿನಲ್ಲಿ ಒಂದು ಬೇಡ ಎನ್ನುತ್ತಿದ್ದಾನೆ, ಯಾಕೆ? ಇನ್ನೊಂದನ್ನು ದಬ್ಬಲು ನೋಡುತ್ತಿದ್ದಾನೋ, ನಿಜವನ್ನೇ ಹೇಳುತ್ತಿದ್ದಾನೋ? ತಿಳಿಯಲಿಲ್ಲ. ಟಣ್ ಎಂದದ್ದನ್ನೇ ತಂದೆವು.

ಮನೆಯಲ್ಲಿ ಮಗಳು ಟಿವಿಯಿಂದ ಆಂಪ್ಲಿಫೈಯರಿಗೆ, ಅಲ್ಲಿಂದ ಸ್ಪೀಕರಿಗೆ ವೈರು ಸಿಕ್ಕಿಸಿದಳು. ಎರಡನ್ನೂ ಪಾತ್ರೆ ಇಡುವ ಹಲಗೆಯ ಮೇಲೆ ಇಟ್ಟೆವು. ವಾರ್ತೆ ಬಂತು.

"ಅಮ್ಮಾ, ಗುಂಯ್ ಅಂತೈತೆ. ಪಾತ್ರೆ ಎಲ್ಲಾ ಅದ್ರುತಾವೆ" ಎಂದಳು ಮಗಳು.

ಅವನು ಮಾತ್ರ ಕತ್ತು ಮುಂದೆ ಚಾಚಿ ತಲೆದೂಗುತ್ತಿದ್ದ. "ಈಗ ಸರಿಗೈತೆ. ಒಂದೊಂದ್ ಮಾತೂ ಬತ್ತೈತೆ" ಎಂದ.

"ಏನಂದ್ಲು ಏಳು ನೋಡೋಣ?" ಎಂದು ಬಲಗಿವಿಗೆ ಕೂಗಿದೆ.

"ಮಳೆ ಬತ್ತೈತೆ ಅಂದ್ಲು."

ಅವಳು ಹೇಳಿದ್ದು ಟೊಮೆಟೊ ವಿಷಯ.

ನಾನು ಟಿವಿಯ ಸದ್ದು ಪೂರಾ ಇಳಿಸಿದೆ. ಅವನ ಬೆನ್ನ ಹಿಂದೆ ನಿಂತು ಡಬ್ಬವನ್ನು ಗೆಣ್ಣಿನಿಂದ ತಟ್ಟಿದೆ. ತಿರುಗಲಿಲ್ಲ. ಜೋರಾಗಿ ತಟ್ಟಿದೆ. ಮಗಳು ತಿರುಗಿದಳು, ಅವನು ತಿರುಗಲಿಲ್ಲ. ಆಮೇಲೆ ಅವನ ಕೈಯನ್ನೇ ಹಿಡಿದು ಡಬ್ಬಕ್ಕೆ ತಟ್ಟಿಸಿದೆ. "ಟಣ್ ಅಂತೈತಲ್ಲ, ಗಟ್ಟಿ ಮಾಲು" ಎಂದ. ಅವನಿಗೆ ಟಣ್ ಎಂದದ್ದು ಕಿವಿಯಲ್ಲಲ್ಲ, ಬೆರಳಿನಲ್ಲಿ. ಅಂಗಡಿಯಲ್ಲಿ ಕೇಳಿಸಿಕೊಂಡದ್ದೂ ಹಾಗೆಯೇ ಇರಬೇಕು.

ಹಾಗಾದರೆ ಕಿವಿಯದೇ ತಪ್ಪು ಎನ್ನೋಣವೆಂದರೆ, ಚೆನ್ನಾಗಿ ಕಿವಿ ಕೇಳುವ ಮಗಳಿಗೂ ಬರೀ ಗುಂಯ್. ಡಬ್ಬದ ತಪ್ಪು ಎನ್ನೋಣವೆಂದರೆ, ದಬ್ ಎಂದ ಜೋಡಿಯಲ್ಲಾದರೂ ಅವನಿಗೆ ಮಾತು ಸಿಗುತ್ತಿತ್ತು ಎಂದು ಯಾರು ಕಂಡರು? ಎರಡು ತಪ್ಪೂ ಕಲಸಿಹೋದವು. ಯಾವುದು ಎಷ್ಟು ಎಂದು ಇವತ್ತಿಗೂ ಬಿಡಿಸಲು ನನಗೆ ಬಂದಿಲ್ಲ. ಅವನು ಅಷ್ಟು ಹೊತ್ತೂ ಸದ್ದಿಳಿಸಿದ ಟಿವಿಯ ಮುಂದೆ ಕೂತು, "ಅವಳು ಯಾಕೆ ಸುಮ್ಕಾದ್ಲು?" ಎಂದು ಕೇಳುತ್ತಿದ್ದ.

ಮಾರನೇ ಬೆಳಿಗ್ಗೆ "ಡಬ್ಬ ಬದಲಾಯಿಸ್ಕೊಂಡು ಬರೋಣ ನಡಿ" ಎಂದು ಅವನ ಕಿವಿಗೆ ಕೂಗಿ ಬಸ್ಸು ಹತ್ತಿಸಿದೆ. ಬಂಗಾರಪೇಟೆಯಲ್ಲಿ ಇಳಿದು ಅಂಗಡಿಯ ಕಡೆ ತಿರುಗಿದವನನ್ನು ತೋಳು ಹಿಡಿದು ಎಳೆದುಕೊಂಡು ಹೋಗಿ, ಆಸ್ಪತ್ರೆಯಲ್ಲಿ ಕಿವಿ ನೋಡುವ ಕೋಣೆಯ ಮುಂದೆ ಬೆಂಚಿನ ಮೇಲೆ ಕೂರಿಸಿದೆ. ಎದ್ದು ಹೋಗದ ಹಾಗೆ ಎರಡು ಸ್ಪೀಕರನ್ನೂ ಅವನ ತೊಡೆಯ ಮೇಲಿಟ್ಟು, ಚೀಟಿ ಮಾಡಿಸಲು ಸಾಲಿನಲ್ಲಿ ನಿಂತೆ.