ಬೇಗಂಪೇಟೆಯ ಬಂಗಲೆಯಲ್ಲಿ ಇಲ್ಲದ ಖೋಲಿ

ದೆವ್ವದ ಕತೆ ಹೇಳುವವರನ್ನು ಕಂಡರೆ ನಾನು ನಗುತ್ತಿದ್ದೆ. ಹಳೆಯ ಮನೆಗಳನ್ನು ಅಳೆದು ನಕ್ಷೆ ಬರೆಯುವುದು ನನ್ನ ಕೆಲಸ. ಸಣ್ಣಪುಟ್ಟ ಸದ್ದಿಗೆಲ್ಲ ಹೆದರಿದರೆ ನಡೆಯುವುದಿಲ್ಲ. ನೀವು ಇದನ್ನು ನಂಬದಿದ್ದರೂ ನನಗೆ ಬೇಸರವಿಲ್ಲ.

ಬೇಗಂಪೇಟೆಯಲ್ಲಿ ಮಾರಾಟಕ್ಕಿದ್ದ ಬಂಗಲೆ ಅದು. ಕಲಬುರಗಿ ಕಡೆಯ ಜಹಗೀರದಾರರೊಬ್ಬರು ಕಟ್ಟಿಸಿದ್ದು. ನಾನೂ ಅದೇ ಕಡೆಯವಳು. ಮಧ್ಯಾಹ್ನ ಒಬ್ಬಳೇ ಮಹಡಿಯ ಕೊನೆಯ ಕೋಣೆ ಅಳೆಯುತ್ತಿದ್ದಾಗ ಗಾಳಿಗೆ ಬಾಗಿಲು ಬಡಿದು ಮುಚ್ಚಿಕೊಂಡಿತು. ಎಷ್ಟು ಎಳೆದರೂ ಬರಲಿಲ್ಲ. ಕಿಟಕಿಗೆ ಸರಳು, ಫೋನು ಕೆಳಗೆ ಚೀಲದಲ್ಲಿ. ಎಷ್ಟು ಕೂಗಿದರೂ ಯಾರೂ ಬರಲಿಲ್ಲ. ಸಾಕಾಗಿ ಕೊನೆಯ ಗೋಡೆಗೊರಗಿ ಕುಳಿತೆ.

ಆಗ ಗೋಡೆಯಾಚೆಯಿಂದ ಹೆಂಗಸೊಬ್ಬಳ ದನಿ ಕೇಳಿಸಿತು. “ಯಾರವ್ವಾ ಅಲ್ಲಿ? ನಿಮ್ಮನ್ನೂ ಒಳಗ ಹಾಕ್ಯಾರೇನು?”

ಆ ತೆಲುಗು ಊರಿನಲ್ಲಿ ನಮ್ಮ ಕಡೆಯ ಕನ್ನಡ ಕೇಳಿ ಜೀವ ಬಂದಂತಾಯಿತು. “ಬಾಗಿಲಾ ಸಿಕ್ಕೊಂಡೈತ್ರಿ. ನೀವ್ಯಾರ್ರಿ?” ಎಂದೆ.

“ನಾ ಜಹಗೀರದಾರ್ರ ಹೆಂಡತಿ. ಸೋಲಾಪುರದ ಕಡಿಂದ ಫೌಜು ಬರಾಕತ್ತೈತಂತ. ಲಡಾಯಿ ಮುಗಿಯೂತನಕ ಹೊರಗ ಬರಬ್ಯಾಡ ಅಂತ ನಮ್ಮವ್ರು ಚಾವಿ ಹಾಕ್ಕೊಂಡು ಹ್ವಾದ್ರು. ಕೆಳಗ ಮಗಳು ಅಳಾಕತ್ತಾಳ.”

ತಲೆ ಕೆಟ್ಟವರನ್ನು ಯಾರೋ ಕೂಡಿಹಾಕಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಆಕೆಯೇ, “ಆ ಬಾಗಿಲಾ ಬರೇ ಎಳದ್ರ ಬರಂಗಿಲ್ಲ. ಮ್ಯಾಲ ಎತ್ತಿ ಎಳೀರಿ. ಹೊರಗ ಹ್ವಾದ ಮ್ಯಾಲ ನನ್ನ ಬಾಗಿಲಾ ತಗೀರವ್ವಾ, ಮರೀಬ್ಯಾಡ್ರಿ,” ಎಂದಳು.

ಎತ್ತಿ ಎಳೆದೆ. ತೆರೆದುಕೊಂಡಿತು. ಹೊರಗೋಡಿ ಪಕ್ಕದ ಬಾಗಿಲು ಹುಡುಕಿದೆ. ಪಕ್ಕದಲ್ಲಿ ಕೋಣೆಯೇ ಇರಲಿಲ್ಲ. ಮಹಡಿ ಅಲ್ಲಿಗೇ ಮುಗಿದಿತ್ತು. ಆ ಗೋಡೆಯಾಚೆ ಬರೀ ಬಯಲು. ಮರಳಿ ಹೋಗಿ ಗೋಡೆ ಬಡಿದು ಕರೆದೆ. ಉತ್ತರ ಬರಲಿಲ್ಲ.

ಒಂದು ವಾರ ಬಿಟ್ಟು, ನಕ್ಷೆ ತೋರಿಸಲು ಬಂಗಲೆಯ ಒಡತಿಯ ಮನೆಗೆ, ಅದೇ ಊರಿನ ಅಬಿಡ್ಸ್‌ಗೆ ಹೋದೆ. ಎಪ್ಪತ್ತು ದಾಟಿದ ಹೆಂಗಸು. ನಕ್ಷೆಯಲ್ಲಿ ಮಹಡಿಯ ಕೊನೆಯ ಗೋಡೆಯಾಚೆಗಿದ್ದ ಖಾಲಿ ಕಾಗದದ ಮೇಲೆ ಬೆರಳಿಟ್ಟು, “ಇಲ್ಲಿ ನಮ್ಮವ್ವನ ಖೋಲಿ ಇತ್ರಿ. ನಲವತ್ತೆಂಟರಾಗ ಫೌಜು ಬಂತಲ್ರಿ, ಆ ಪೊಲೀಸ್ ಆಕ್ಷನ್‌ದಾಗ ಸುಟ್ಟು ಬಿತ್ತು,” ಎಂದರು. “ಬೆಂಕಿ ಬೀಳೂಕಿಂತ ಮೊದ್ಲ ಆಕಿ ನನ್ನ ಬಿಟ್ಟು ಓಡಿಹ್ವಾದ್ಲು ಅಂತ ಅಪ್ಪ ಹೇಳತಿದ್ರು,” ಎಂದರು.

“ಓಡಿಹೋಗಿಲ್ರಿ, ಹೊರಗಿಂದ ಚಾವಿ ಹಾಕಿತ್ತು,” ಎಂದುಬಿಟ್ಟೆ.

ಅವರು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. “ನಿಮಗ್ಯಾರು ಹೇಳಿದ್ರು?”

ನಾನು ಪೆನ್ಸಿಲು ತೆಗೆದು, ಆ ಗೋಡೆಯಾಚೆ ಖಾಲಿ ಕಾಗದದಲ್ಲಿ ಒಂದು ಖೋಲಿ ಬರೆದೆ, ಅದರ ಬಾಗಿಲು ತೆರೆದೇ ಇಟ್ಟು.